ಅರ್ಥಿಂಗ್

ಮೊದಲು ಕೊಕ್ಕೆ.
ಗನ್ನು ಆಮೇಲೆ, ಅಂದಿದ್ದ ಮೈನುದ್ದೀನ.
ಭೋಸರಿಯ ಈ ಪತ್ರಾ ಶೆಡ್ಡಿಗೆ ನಾ ಬಂದ ವರ್ಷ
ಎಂಟು ತಿಂಗಳು ಬರೀ ಕೊಕ್ಕೆಯ ಸಿಪ್ಪೆ ಸುಲಿದೆ.
ಹಸಿರಿನ ಕೆಳಗೆ ಬೂದು, ಬೂದಿನ ಕೆಳಗೆ ಕಪ್ಪು,
ಅದರಡಿ ಯಾವುದೋ ಆಸ್ಪತ್ರೆಯ ಮಂಚದ ಬಿಳಿ,
ಸುತ್ತಿಗೆ ಬಿದ್ದರೆ
ಹಳೆ ಆರ್ಡರುಗಳೆಲ್ಲ ಚಕ್ಕೆ ಚಕ್ಕೆ ಎದ್ದು
ಕಟ್ಟಕಡೆಗೆ ಬರೀ ಕಬ್ಬಿಣ.

"ಕಬ್ಬಿಣ ಕಬ್ಬಿಣಕ್ಕ ತಾಕಬೇಕು, ಕಸ್ತೂರಿ.
ನಡುವ ಬಣ್ಣ ಬಂತೋ, ಅರ್ಥಿಂಗ್ ಹೋಯ್ತು.
ಆಮ್ಯಾಲ ನೀ ಎಷ್ಟು ಹುಡಿ ಉಗುಳಿದ್ರೂ
ಮಾಲು ಮಾರಿ ತಿರುವ್ತದ."

ನನಗೆ ಕೇಳಿಸಿದ್ದು: ಅರ್ಥ.
ಅರ್ಥ ಹೋದರೆ ಬಣ್ಣ ನಿಲ್ಲೂದಿಲ್ಲ.
ನಾಲ್ಕನೇತ್ತೆ ಓದಿದವಳಿಗೆ ಅಷ್ಟು ಸಾಕಿತ್ತು.

ಈಗ ಅವನು ಚಾಕಣದ ದೊಡ್ಡ ಕಂಪನಿಯಲ್ಲಿ.
ಅಲ್ಲಿ ಗನ್ನು ತಾನೇ ಮೇಲೆ ಕೆಳಗೆ ಆಡುತ್ತದಂತೆ,
ಇವನು ಗಾಜಿನಾಚೆ ನಿಂತು ನೋಡುತ್ತಾನಂತೆ.
ನೋಡೂದಕ್ಕೆ ಎರಡು ಸಾವಿರ ಜಾಸ್ತಿ ಪಗಾರ.

ನನ್ನದು ಹಳೇ ಮಷಿನ್ನು.
ಹಾಪರಿಗೆ ಗಾಳಿ ಬಿಟ್ಟರೆ ಹುಡಿ
ಬೆಂಕಿಯಿಲ್ಲದೆ ಕುದಿಯುತ್ತದೆ, ಹಾಲಿನ ಹಾಗೆ.
ಕೈ ಅದ್ದಿದರೆ ಒದ್ದೆ ಮಾಡದ ನೀರು.
ನಳಿಗೆಯ ತುದಿಗೊಂದು ಸೂಜಿ,
ಸೂಜಿಯ ಮೂಗಿನಲ್ಲಿ ಎಂಬತ್ತು ಸಾವಿರ ವೋಲ್ಟು.
ಬೆರಳೊತ್ತಿದರೆ ಮೋಡ ಹೊರಡುತ್ತದೆ,
ಹೊರಟದ್ದು ನಡುದಾರಿಯಲ್ಲಿ ಬಾಗಿ, ಬಳಸಿ
ನಾನು ಕಾಣದ ಬೆನ್ನನ್ನೂ ಹುಡುಕಿ ಹತ್ತುತ್ತದೆ.

ಮೂಲೆಗೆ ಮಾತ್ರ ಒಲ್ಲೆ ಅನ್ನುತ್ತದೆ.
ಬೆಸುಗೆಯ ಸಂದಿ, ಡಬ್ಬಿಯ ಒಳಹೊಟ್ಟೆ:
ಒತ್ತಾಯ ಮಾಡಿದಷ್ಟೂ ಅಂಚಿನಲ್ಲೇ ಗುಂಪು.
ಹೊಸ ಹುಡುಗ ಸನೋಜ್ ವೋಲ್ಟು ಏರಿಸುತ್ತಾನೆ,
ಇನ್ನೂ ಏರಿಸುತ್ತಾನೆ, ಭೋಜಪುರಿಯಲ್ಲಿ ಬೈಯುತ್ತಾನೆ.
ನಾನು ಗುಂಡಿ ತಿರುವಿ ನಲವತ್ತಕ್ಕೆ ಇಳಿಸಿ
ಗಾಳಿ ತಗ್ಗಿಸಿ, ಹತ್ತಿರ ಹೋಗಿ
ಕೂಸಿನ ಕಿವಿಗೆ ಎಣ್ಣೆ ಬಿಡುವಂತೆ ಬಿಡುತ್ತೇನೆ.

ನಿನ್ನೆ ಹಳದಿ ಪಾಳಿ.
ರಸ್ತೆ ಅಗೆಯುವವರ ಅಡ್ಡಗಟ್ಟೆಗಳು, ಮುನ್ನೂರ ನಲವತ್ತು.
ಬೂತಿನ ಹಳೇ ಬೂದು ಊದಿ ಒರೆಸಲು ಒಂದೂವರೆ ತಾಸು;
ಒಂದು ಕಣ ಉಳಿದರೂ ಹಳದಿಯ ಮೇಲೆ ನೊಣ ಕೂತಂತೆ.
ಧಮಧೇರೆ ಶೇಟ್ ಗಡಿಯಾರ ನೋಡುತ್ತ ನಿಂತಿದ್ದರು.
ಸಂಜೆ ಮೈ ಕೊಡವಿಕೊಳ್ಳುವ ಹೊತ್ತಿಗೆ ಬಸ್ಸು ಬಂತು,
ಹಾಗೇ ಹತ್ತಿದೆ.

ಪಕ್ಕದ ಸೀಟಿನಲ್ಲಿ ಕಚ್ಚೆ ಸೀರೆಯ ಮುದುಕಿ.
ನನ್ನ ತೋಳು ನೋಡಿದಳು, ಹುಬ್ಬು ನೋಡಿದಳು,
ಜೇಜುರಿಯಿಂದ ಬಂದೆಯಾ ಮಗಳೇ, ಅಂದಳು ಮರಾಠಿಯಲ್ಲಿ.
ನಾನು ಬಾಯಿ ತೆರೆಯುವ ಮೊದಲೇ
ಹೆಗಲ ಮೇಲಿಂದ ಒಂದು ಚಿಟಿಕೆ ಎತ್ತಿ
ಹಣೆಗಿಟ್ಟು ಕಣ್ಮುಚ್ಚಿದಳು: ಯೇಳಕೋಟ, ಯೇಳಕೋಟ.

ನಮ್ಮ ಏಳುಕೋಟಿಯೇ ಅದು, ಭೀಮೆ ದಾಟಿ
ಈ ಕಡೆ ಬರುವಾಗ ಬಾಲ ಸವೆಸಿಕೊಂಡದ್ದು.

ಹೇಳಬೇಕಿತ್ತು.
ಇದು ಪಾಲಿಯೆಸ್ಟರು, ಆಯಿ, ಇಪ್ಪತ್ತೈದು ಕಿಲೋದ ರಟ್ಟಿನ ಡಬ್ಬದ್ದು,
ಮೂಗಿಗೆ ಹೋಗಬಾರದೆಂದು ಡಬ್ಬದ ಮೇಲೇ ಬರೆದಿದೆ.
ಇನ್ನೂರು ಡಿಗ್ರಿಯ ಭಟ್ಟಿಯಲ್ಲಿ ಹನ್ನೆರಡು ನಿಮಿಷ
ಕೂತೆದ್ದ ಮೇಲೆ ಇದಕ್ಕೆ ಬಣ್ಣವೆಂದು ಹೆಸರು,
ಅಲ್ಲಿಯವರೆಗೆ ಬೆರಳು ಸೋಕಿದರೆ ಉದುರುವ ಧೂಳು.

ಉದುರಲಿಲ್ಲ.
ಬಸ್ಸಿನ ಟೈರು ರಬ್ಬರಿನದು, ನೆಲಕ್ಕೂ ನಮಗೂ ತಾಕಿಲ್ಲ,
ಮೈನುದ್ದೀನನ ಲೆಕ್ಕದಲ್ಲಿ ಅರ್ಥಿಂಗೇ ಇಲ್ಲ.
ಆದರೂ ಆ ಬೆವರಿದ ಹಣೆಯ ಸುಕ್ಕಿನಲ್ಲಿ,
ಗನ್ನಿಗೆ ಬಗ್ಗದಂಥ ಒಳಮೂಲೆಗಳಲ್ಲಿ
ಹೋಗಿ ಕೂತಿತ್ತು.

ಹೂಂ, ಅಂದೆ. ಜೇಜುರಿಯಿಂದಲೇ.
ಮ್ಯಾಗಝಿನ್ ಚೌಕದಲ್ಲಿ ಅವಳು ಇಳಿದಳು.
ಮನೆಯಲ್ಲಿ ಬಾಯಿ ಮುಕ್ಕಳಿಸಿದರೆ
ನೀರೆಲ್ಲ ಹಳದಿ.

ಇವತ್ತು ಕಪ್ಪು ಪಾಳಿ.
ಸಂಜೆ ನನ್ನ ಪಕ್ಕ ಯಾರೂ ಕೂರುವುದಿಲ್ಲ.
ಸನೋಜನ ಕೈಗೆ ಸುತ್ತಿಗೆ ಕೊಟ್ಟಿದ್ದೇನೆ:
ಕೊಕ್ಕೆಯ ಮೇಲಿನ ಹಳದಿ ಪೂರಾ ಸುಲಿ,
ಒಂದು ಚಕ್ಕೆಯೂ ಇರಬಾರದು.