ಲೆಕ್ಕಕ್ಕುಂಟು

ಮೂವತ್ತೊಂದು ಚೀಲ.
ಡಬ್ಲಿನ್ನಿನಲ್ಲಿ ಎಣಿಸಿದೆ, ಮ್ಯಾಡ್ರಿಡ್ಡಿನಲ್ಲಿ ಎಣಿಸಿದೆ,
ಸಾಂಟಿಯಾಗೊ ದೆಲ್ ಎಸ್ತೆರೊದಲ್ಲಿ ಬಸ್ಸಿನ ಹೊಟ್ಟೆಗೆ ತುರುಕುವಾಗ
ನಿದ್ದೆಗಣ್ಣಲ್ಲಿ ಬೆರಳು ಮಡಚುತ್ತ ಮತ್ತೆ ಎಣಿಸಿದೆ.
ಹದಿನಾರು ಪಂದ್ಯ, ನಾಲ್ಕು ದೇಶ, ಒಂದು ಸೀಸನ್ನು.
ತಂಡಕ್ಕೆ ಅಂಕಗಳ ಚಿಂತೆ, ನನಗೆ ಚೀಲಗಳದು.

ಎಲ್ಲಕ್ಕಿಂತ ಭಾರದ್ದು ನೆವಿನ್ ಗ್ರೇಸಿಯದು,
ಎರಡನೆಯ ಗೋಲ್‌ಕೀಪರ್.
ದಿಂಬಿನಂಥ ಪ್ಯಾಡು, ಎದೆಗವಚ, ಶಿರಸ್ತ್ರಾಣ,
ಅಭ್ಯಾಸದ ಬೆವರು ಕುಡಿದು ಕುಡಿದು
ಮಳೆಯಲ್ಲಿ ನೆಂದ ನಾಯಿಯ ವಾಸನೆ.
ಕಸ್ಟಮ್ಸಿನ ಹೆಂಗಸು ಜಿಪ್ಪೆಳೆದು, ಮೂಗು ಮುಚ್ಚಿ ಕೇಳಿದಳು:
ಇದರೊಳಗೆ ಯಾರಿದ್ದಾರೆ?
ಯಾರೂ ಇಲ್ಲ ತಾಯಿ, ಅಂದೆ. ಸದ್ಯಕ್ಕೆ ಯಾರೂ ಇಲ್ಲ.

ಊರಲ್ಲಿ ಅವನು ಮೇಷ್ಟ್ರು. ಕುಕ್ಸ್‌ಟೌನಿನ ಶಾಲೆ, ನಾಲ್ಕನೆಯ ತರಗತಿ.
ಸಂಬಳವಿಲ್ಲದ ರಜೆ.
ಗೋಡೆಯ ಭೂಪಟಕ್ಕೆ ಮಕ್ಕಳು ಗುಂಡುಸೂಜಿ ಚುಚ್ಚುತ್ತಾರಂತೆ,
ಫೋನಿನಲ್ಲಿ ಕೂಗುತ್ತಾರೆ: ಸರ್, ಇವತ್ತು ಆಡಿದ್ರಾ?
ಇವನು ಹೇಳುತ್ತಾನೆ: ಇಲ್ಲಿ ಎಂಟು ಗಂಟೆಗೂ ಬೆಳಕಿದೆ ಕಣ್ರೋ,
ಮರದ ತುಂಬ ಗಿಳಿ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಮಾತುಂಟಲ್ಲ,
ಇವನದು ಅದರ ತಿರುವುಮುರುವು.
ಪಟ್ಟಿಯಲ್ಲಿ ಹೆಸರುಂಟು, ವಿಮಾನದಲ್ಲಿ ಸೀಟುಂಟು,
ಗೀತೆ ಹಾಡುವಾಗ ನಿಲ್ಲಲು ಸಾಲಿನ ತುದಿಯಲ್ಲಿ ಜಾಗವುಂಟು,
ಆಟಕ್ಕೆ ಮಾತ್ರ ಇಲ್ಲ.
ಪಂದ್ಯ ಮುಗಿದಾಗ ಅವನ ಅಂಗಿ
ಮಡಿಕೆ ಮುರಿಯದೆ ನನ್ನ ಕೈಗೆ ಬರುತ್ತಿತ್ತು.
ಆದರೂ ಒಗೆದೆ. ಉಳಿದವುಗಳ ಜೊತೆಗೇ ಒಗೆದೆ.
ಒಗೆಯದೆ ಕೊಟ್ಟರೆ ಏನೆಂದುಕೊಂಡಾನು?

ಸೋತೆವು. ಅರ್ಜೆಂಟೀನಾದ ಸೆಖೆಯಲ್ಲಿ ನಾಲ್ಕು-ಒಂದು,
ಹೋಬಾರ್ಟಿನ ಕೊರೆವ ಗಾಳಿಯಲ್ಲಿ ಮೂರು-ಸೊನ್ನೆ,
ಕೊನೆಯ ನಿಮಿಷದ ಪೆನಾಲ್ಟಿ ಕಾರ್ನರಿನಲ್ಲಿ ಎರಡು ಸಲ.
ಮುಖವಾಡ ತೊಟ್ಟು ಚೆಂಡಿಗೇ ಎದುರು ಓಡುವುದು ಫಿಯಾಕ್ರನ ಕೆಲಸ;
ಮೊಣಕಾಲು ಹಿಡಿದು ಬಿದ್ದ,
ಚೆಂಡು ಅವನನ್ನು ಸವರಿಕೊಂಡೇ ಒಳಗೆ ಹೋಯಿತು.
ಆ ರಾತ್ರಿ ಐಸ್ ಹುಡುಕುತ್ತ ನಾನು
ಮೀನಂಗಡಿಯವನ ಬಾಗಿಲು ಬಡಿದೆ.
ಹಣ ಬೇಡ ಅಂದ. ಗೆದ್ದಿರಾ, ಅಂತಲೂ ಕೇಳಲಿಲ್ಲ.

ಆಂಟ್ವರ್ಪ್, ಜೂನ್. ಟರ್ಫಿಗೆ ನೀರು ಹಾಯಿಸಿ ನಿಲ್ಲಿಸಿದ್ದರು,
ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟ ಸ್ಲೇಟು.
ಎರಡು-ಎರಡು. ಸಮ. ಹೆಚ್ಚಿನ ಒಂದು ಅಂಕಕ್ಕೆ ಶೂಟೌಟ್.
ಕೋಚ್ ತಿರುಗಿಯೂ ನೋಡದೆ ಅಂದ: ಗ್ರೇಸಿ.
ಅವನು ಬೇರೆ ಯಾರನ್ನೋ ಕರೆದರೆಂಬಂತೆ ಕೂತೇ ಇದ್ದ.
ನಾನೇ ಬೆನ್ನಿಗೆ ಗುದ್ದಿದೆ.

ಒಬ್ಬೊಬ್ಬನಿಗೆ ಎಂಟು ಸೆಕೆಂಡು.
ಮೊದಲನೆಯವನು ಎಡಕ್ಕೆ ಹೊರಳಿದ, ನೆವಿನ್ ಮಲಗಿಯೇ ಒದ್ದ.
ಎರಡನೆಯವನು ಗಿರಗಿರ ತಿರುಗಿ ಹೊತ್ತು ಕಳಕೊಂಡ.
ಮೂರನೆಯದು ಕಂಬಕ್ಕೆ ಬಡಿಯಿತು;
ಅದನ್ನೂ ಇವನ ಲೆಕ್ಕಕ್ಕೇ ಬರೆದುಕೊಂಡೆ.
ನಾಲ್ಕನೆಯದು, ದೇವರಾಣೆ, ಶಿರಸ್ತ್ರಾಣದ ಜಾಲರಿಗೆ ತಾಗಿ ಆಕಾಶಕ್ಕೆ.
ಐದನೆಯದು ಒಳಗೆ.
ನಮ್ಮವರು ಐದರಲ್ಲಿ ಒಂದನ್ನೂ ಹೊಡೆಯಲಿಲ್ಲ.

ನಲವತ್ತು ಸೆಕೆಂಡು. ಅವನ ಸೀಸನ್ನೆಂದರೆ ಅಷ್ಟೇ.
ಹೋಟೆಲಿನ ಬಚ್ಚಲಲ್ಲಿ ಆ ಅಂಗಿ ನೆನೆಹಾಕಿದೆ.
ನೀರು ಕದಡಿತು.
ಪಕ್ಕದ ಕೋಣೆಯಲ್ಲಿ ಯಾರೋ ಅಳುತ್ತಿದ್ದ,
ನಾನಿಲ್ಲಿ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಆ ಕೊಳೆ ನೀರು ನೋಡಿ ನೋಡಿ ನಗುತ್ತಿದ್ದೆ.

ಪಟ್ಟಿಯ ತಳದಲ್ಲಿ ಮುಗಿಸಿದೆವು. ಲೀಗಿನಿಂದ ಹೊರಗೆ.
ಡಬ್ಲಿನ್ನಿನ ಬೆಲ್ಟಿನ ಮುಂದೆ ಎಣಿಸಿದೆ: ಮೂವತ್ತು.
ಮತ್ತೆ ಎಣಿಸಿದೆ. ಮೂವತ್ತೇ.
ಸೋಮವಾರ ಶಾಲೆಯಿದೆ ಅಂತ ನೆವಿನ್
ಬರಿಗೈಯಲ್ಲಿ ಉತ್ತರದ ಬಸ್ಸು ಹತ್ತಿದ.

ಹನ್ನೊಂದನೆಯ ದಿನ ವಿಮಾನ ಕಂಪನಿಯ ಫೋನು:
ನಿಮ್ಮದೊಂದು ದೊಡ್ಡ ಚೀಲ, ವಾಸನೆ ವಿಪರೀತ, ಸಿಡ್ನಿಯಲ್ಲಿದೆ,
ನಾಳೆ ಸಿಂಗಪುರ, ಆಮೇಲೆ ದೋಹಾ, ಕ್ಷಮಿಸಬೇಕು.
ಇರಲಿ ಬಿಡಿ, ಅಂದೆ, ಅವಸರವಿಲ್ಲ.
ತಂಡ ಬಿದ್ದ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ.

ಆಮೇಲೆ ಕುಕ್ಸ್‌ಟೌನಿನ ಶಾಲೆಗೆ ಫೋನು ಮಾಡಿ
ಮಕ್ಕಳಿಗೆ ಹೇಳಿಸಿದೆ:
ಭೂಪಟ ಇಳಿಸಬೇಡಿ,
ಇನ್ನೂ ಮೂರು ಸೂಜಿ ಬೇಕು.