ಕಂಟ್ರೋಲ್ ತೊಟ್ಟಿ

ಹೊಸಕೋಟೆ ಕಡೆಯ ಕೆರೆಯಿಂದ ಪಿಳ್ಳಪ್ಪ
ಪ್ಲಾಸ್ಟಿಕ್ ಬಿಂದಿಗೆಯಲ್ಲಿ ತಂದ ಚೇಳುಮೀನು ನಲವತ್ತು.
ಬಸ್ಸಲ್ಲಿ ಕಂಡಕ್ಟರ್ ಲಗೇಜು ಚೀಟಿ ಹರಿದನಂತೆ,
ಅದನ್ನೂ ಸೇರಿಸಿ ಲೆಕ್ಕ ಕೊಟ್ಟ.

ಇಪ್ಪತ್ತು ಈ ತೊಟ್ಟಿಗೆ, ಇಪ್ಪತ್ತು ಆ ತೊಟ್ಟಿಗೆ.
ಆ ತೊಟ್ಟಿಗೆ ದಿನಾ ಪಿಪೆಟ್ಟಿನಲ್ಲಿ
ಕ್ಲೋರ್‌ಪೈರಿಫಾಸ್, ಸಾಯದಷ್ಟು.
ಸಾಯದಷ್ಟು ಎಂಬುದಕ್ಕೂ ಒಂದು ಅಳತೆಯಿದೆ,
ಬಿಂದುವಿನಾಚೆ ಮೂರು ಸೊನ್ನೆ.
ಮೀನು ತಿಂದವು, ಮೀಸೆ ಆಡಿಸಿದವು,
ಗಾಳಿ ಗುಟುಕರಿಸಲು ಮೇಲೆ ಬಂದು ಹೋದವು.
ನೋಡಿದವರಿಗೆ ಏನೂ ಆಗಿಲ್ಲ.

ಮೃಗಶಿರಾ ಹುಟ್ಟಿತು. ಜ್ಞಾನಭಾರತಿಯ ಬಿದಿರ ಮೇಲೆ
ಮಧ್ಯಾಹ್ನ ಮೂರಕ್ಕೇ ಕತ್ತಲು.
ಮಿದುಳಿನಡಿ ರಾಗಿಕಾಳಿಗಿಂತ ಸಣ್ಣದೊಂದು ಗ್ರಂಥಿ;
ಅದರೊಳಗೆ, ಮಳೆ ಬಂತು ಅಂತ
ಮೊಟ್ಟೆಚೀಲಕ್ಕೆ ಹೇಳಿ ಕಳಿಸುವ ಕೋಶಗಳು.
ತೆಗೆದೆ. ಹಳದಿ ದ್ರಾವಣದಲ್ಲಿಟ್ಟೆ. ಮೇಣದಲ್ಲಿ ಕೂರಿಸಿದೆ.
ಆರೋಗ್ಯಸ್ವಾಮಿ ಮೈಕ್ರೊಟೋಮಿನ ಹಿಡಿ ತಿರುಗಿಸುತ್ತ
"ಉಸಿರು ಬಿಡಬೇಡಿ ಮೇಡಂ, ರಿಬ್ಬನ್ನು ಹಾರುತ್ತೆ" ಅಂದ.
ಮೂವತ್ತು ವರ್ಷದಿಂದ ಹೀಗೇ ಉಸಿರು ಹಿಡಿದವನು.
ಅವನ ಬೆರಳ ತುದಿಯೆಲ್ಲ ಅರಿಶಿನ.

ಬಣ್ಣ ಹಾಕಿ ನೋಡಿದರೆ
ನೇರಳೆ ಕಣಗಳು ತುಂಬಿರಬೇಕಿದ್ದ ಕೋಶ
ಸಂತೆ ಮುಗಿದ ಮೇಲಿನ ಚೀಲ.
ಒಳಗೆ ಬಿಳಿ ಬಿಳಿ ತೂತು, ಅಂಚಿಗೆ ಸರಿದ ನ್ಯೂಕ್ಲಿಯಸ್ಸು,
ಹೇಳಬೇಕಾದ್ದು ಬಾಯಿಗೆ ಬಂದು ಮರೆತವರ ಹಾಗೆ.
ನಿರೀಕ್ಷಿಸಿದ್ದೇ. ಗುರುತು ಹಾಕಿಕೊಂಡೆ.

ಆಮೇಲೆ ಕಂಟ್ರೋಲ್ ತೊಟ್ಟಿಯ ಸ್ಲೈಡು.
ಏನೂ ಹಾಕದ ತೊಟ್ಟಿ. ನಾನೇ ನೀರು ಬದಲಿಸಿದ ತೊಟ್ಟಿ.
ಅಲ್ಲೂ ತೂತು. ಕಡಿಮೆ,
ಆದರೆ ತೂತು.
ಚೀಟಿ ಅದಲುಬದಲಾಯಿತೇ ಎಂದು ಆರೋಗ್ಯಸ್ವಾಮಿಯನ್ನು ಗದರಿದೆ.
ಅವನು ಏನೂ ಅನ್ನದೆ
ಪೆನ್ಸಿಲಿನ ಅಕ್ಷರವನ್ನು ಬೆಳಕಿಗೆ ಹಿಡಿದು ತೋರಿಸಿದ.

ಪಿಳ್ಳಪ್ಪನಿಗೆ ಫೋನು ಮಾಡಿದೆ.
ಕೆರೆ ಪಕ್ಕ ಏನು ಬೆಳೀತಾರೆ?
"ಗುಲಾಬಿ, ಕೊತ್ತಂಬರಿ, ಹೂಕೋಸು.
ಎಲ್ಲ ನಿಮ್ಮ ಕಡೀಕೇ ಬರೋದು."
ಬೇರೆ ಕೆರೆ ಇಲ್ಲವಾ?
"ಯಾವ್ದು ಬೇಕು ಹೇಳಿ ಮೇಡಂ,
ನೀರು ಎಲ್ಲದ್ರಾಗೂ ಐತೆ."

ಯಾವುದರ ಜೊತೆ ಹೋಲಿಸುತ್ತೀಯ, ಗೈಡು ಕೇಳುತ್ತಾರೆ.
ವರದಿಯಲ್ಲಿ ಆ ಸಾಲು ಖಾಲಿ ಬಿಟ್ಟು ಮನೆಗೆ ಬಂದೆ.

ಬೆಳಗ್ಗೆ ಬರಿಹೊಟ್ಟೆಗೆ ಥೈರಾಯ್ಡಿನ ಗುಳಿಗೆ ನುಂಗಿ
ಕಾಫಿಗೆ ಇನ್ನೂ ಅರ್ಧ ಗಂಟೆ ಎಂದು
ಕೊತ್ತಂಬರಿ ಕಟ್ಟು ಬಿಚ್ಚಿ ತೊಳೆದೆ.
ಒಂದು ನೀರು. ಎರಡು ನೀರು.
ಮೂರನೆಯದಕ್ಕೆ ನಲ್ಲಿ ನಿಂತಿತು.