ಚಿಲ್ಲರೆ ಡಬ್ಬಿ

ಸುಂಕದ ಕಚೇರಿಗೆ ವರ್ಗವಾದ ದಿನ
ಫುವಾತಿನೊ ನನ್ನ ಕೈಗಿತ್ತದ್ದು ಒಂದು ಫೈಲು.
ಹೆಸರು: ಚಿಲ್ಲರೆ.
ನಾಲ್ಕು ಸಾಲು, ಆರು ಸಾಲು, ಎಲ್ಲ ಬಿಡಿಬಿಡಿ.
ಮುಲಿಫನೂವಾ ಬಂದರಿನಲ್ಲಿ ನೋಟು ಮುರಿಯುವವರಿಲ್ಲ,
ಚಿಲ್ಲರೆಯಿದ್ದವಳೇ ದೊರೆ, ಎಂದಳು.

ಮೊದಲನೆಯದು ಹೆಸರಿನ ವಿಷಯ.
ನಮ್ಮ ಹೆಸರುಗಳಿಗೆ ಗಂಟಲಲ್ಲೊಂದು ತಡೆ ಉಂಟು,
ಕದ ಮುಚ್ಚಿ ತೆರೆದಷ್ಟು ಹೊತ್ತು;
ಕಾಗದದ ಮೇಲೆ ತಲೆಯೆತ್ತರದಲ್ಲಿ ತೂಗುವ ಕೊಕ್ಕೆ.
ಹಂದಿಮರಿ ಕಂಕುಳಲ್ಲಿಟ್ಟು ಒಬ್ಬ ಮುದುಕ
ಎದುರು ದ್ವೀಪಕ್ಕೆ ಟಿಕೆಟ್ ಕೇಳಿದ.
ಫಾ’ಅಲೊಂಗೊ. ‘ಕೇಳು’ ಎಂದೇ ಆ ಹೆಸರಿನ ಅರ್ಥ.
ಯಂತ್ರ ಕೇಳಲಿಲ್ಲ.
ಕೊಕ್ಕೆ ಕಂಡದ್ದೇ ವಾಕ್ಯ ಮುಗಿಯಿತೆಂದು
ಅಲ್ಲೇ ಕುಕ್ಕರಿಸಿತು.
ಹಡಗು ಹೋಯಿತು, ಮುದುಕ ಉಳಿದ, ಮರಿ ಅರಚಿತು.

ಕೊಕ್ಕೆ ಬಿಟ್ಟು ಬರೆಯಿರಿ, ಏನು ಮಹಾ,
ಎಂದರಂತೆ ಆಕ್ಲೆಂಡಿನಿಂದ ಫೋನಿನಲ್ಲಿ.
ಇವಳು ಬಿಡಲಿಲ್ಲ. ರಾತ್ರಿ ಕೂತು ಬರೆದಳು:
ಹೆಸರನ್ನು ಆಜ್ಞೆಯೊಳಗೆ ಹೊಲಿಯಬೇಡ.
ಅದರ ಜಾಗದಲ್ಲೊಂದು ಪ್ರಶ್ನೆಚಿಹ್ನೆ ಇಡು,
ಹೆಸರನ್ನು ಬೇರೆ ಕೈಯಲ್ಲಿ ಕೊಡು.
ಕೆಳಗೆ, ಸಣ್ಣದಾಗಿ:
ಕಳ್ಳರೂ ಒಳಬರುವುದು ಇದೇ ಹೊಲಿಗೆ ಬಿಚ್ಚಿ.

ಇನ್ನೊಂದು, ಇಲ್ಲದ ಶುಕ್ರವಾರದ್ದು.
ಎರಡು ಸಾವಿರದ ಹನ್ನೊಂದರ ಡಿಸೆಂಬರ್:
ಗುರುವಾರ ಮಲಗಿದ ನಾಡು ಶನಿವಾರ ಎದ್ದಿತು,
ದಿನದ ಗೆರೆಯನ್ನೇ ಆಚೆ ದಾಟಿಸಿದ್ದರು.
ಅಂದು ಹುಟ್ಟಿದಹಬ್ಬವಿದ್ದವರು ನಕ್ಕರು.
ಪ್ರೋಗ್ರಾಮು ಮಾತ್ರ ಇಪ್ಪತ್ತೊಂಬತ್ತಕ್ಕೆ ಒಂದು ಕೂಡಿ
ಇಲ್ಲದ ದಿನದ ಇಲ್ಲದ ಹಡಗಿಗೆ
ಹನ್ನೆರಡು ಟಿಕೆಟ್ ಹರಿದಿತ್ತು.
ನಾಳೆಯನ್ನು ನೀನೇ ಕೂಡಬೇಡ,
ಪಂಚಾಂಗ ಇಟ್ಟವರನ್ನು ಕೇಳು.

ಮತ್ತೆ ಪುಡಿಗಾಸು:
‘ಅಳಿಸು’ ಬರೆಯುವ ಮುನ್ನ ‘ಎಲ್ಲಿ’ ಬರೆ.
ಎಷ್ಟು ಅಳಿಯುತ್ತದೆಂದು ಮೊದಲು ಎಣಿಸು.
ಒಂದೆಡೆ: ನಡೆಯುತ್ತಿದೆ, ಏಕೋ ತಿಳಿಯದು, ಮುಟ್ಟಬೇಡ.
ಅದರಡಿ, ಮೂರು ವರ್ಷದ ಆಮೇಲೆ:
ತಿಳಿಯಿತು. ಮುಟ್ಟು.

ಈ ಸಂಜೆ, ಕೊನೆಯ ಹಡಗಿಗೆ ಮುಂಚೆ,
ಕಿಟಕಿಯಲ್ಲಿ ಆರು ದಿನದ ಕೂಸು.
ಹೆಸರು? ಎಂದೆ. ಇನ್ನೂ ಇಲ್ಲ, ಎಂದಳು ತಾಯಿ,
ಆ ದಡದಲ್ಲಿ ಅಜ್ಜಿ ಇಡುತ್ತಾಳೆ.
ಖಾನೆ ತುಂಬದೆ ಯಂತ್ರ ಮುಂದೆ ಹೋಗದು.
ಹಿಂದೆ ಸಾಲು. ಕೂಸು ಆಕಳಿಸಿತು.
‘ಮಗು’ ಎಂದು ಹೊಡೆದುಬಿಡು, ಎಂದ ಪಕ್ಕದ ಸೊಲೋಮೊನಾ.
ಬೆರಳು ಏಳಲಿಲ್ಲ.
ಕೈಯಲ್ಲೇ ಚೀಟಿ ಬರೆದುಕೊಟ್ಟು ಹತ್ತಿಸಿದೆ,
ದೀಪ ದೂರಾಗುವವರೆಗೆ ನಿಂತೆ,
ಬಂದು ಚಿಲ್ಲರೆಗೆ ನನ್ನ ಮೂರು ಸಾಲು ಹಾಕಿದೆ:

ಖಾಲಿ ಎಂದರೆ ತಪ್ಪಲ್ಲ.
ಇನ್ನೂ ಬಂದಿಲ್ಲ ಎಂದರ್ಥ.
ದಾಟಲು ಬಿಡು.